ಹಳದಿ ರೆಕ್ಕೆಯ ಚಿಟ್ಟೆ, ಕಾಂಡ ಕೊರೆಯುವ ದುಂಬಿ



ಚಿತ್ತೆ ಮಳೆ ಸರಿದು, ಬಿಸಿಲು ಚೆನ್ನಾಗಿ ಬಿದ್ದ ಒಂದು ಬೆಳಿಗ್ಗೆ ಮಲೆನಾಡಿನ ಯಾವುದಾದರೂ ಅರೇಬಿಕಾ ಕಾಫಿ ತೋಟದ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಮರಗಳ ತಲೆಯ ಮೇಲಿನಿಂದ ಅಂಗೈಗಿಂತ ದೊಡ್ಡದಾದ ಒಂದು ಚಿಟ್ಟೆ ನಿಧಾನವಾಗಿ ತೇಲಿಕೊಂಡು ಬರಬಹುದು. ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಹೊಳೆಯುವ ಹಳದಿ. ತೋಟಕ್ಕೆ ಬಂದ ನೆಂಟರು ಅದನ್ನು ಕಂಡು ಮಕ್ಕಳಿಗೆ ಕೈ ಮಾಡಿ ತೋರಿಸುತ್ತಾರೆ.

ಅದೇ ಹೊತ್ತಿಗೆ, ಅವರು ನಿಂತಿರುವ ಜಾಗದಿಂದ ನಾಲ್ಕು ಮಾರು ದೂರದಲ್ಲಿ, ಬಿಸಿಲು ಬಿದ್ದ ಒಂದು ಕಾಫಿ ಗಿಡದ ಕಾಂಡದ ಮೇಲೆ ಇನ್ನೊಂದು ಜೀವಿ ಚುರುಕಾಗಿ ಓಡಾಡುತ್ತಿರುತ್ತದೆ. ಬೆರಳಿನ ಉಗುರಿನಷ್ಟು ಉದ್ದದ, ಕಪ್ಪು ಮೈಮೇಲೆ ಬಿಳಿ ಪಟ್ಟೆಗಳಿರುವ ಸಣ್ಣ ದುಂಬಿ ಅದು. ಯಾರೂ ಅದನ್ನು ನೋಡುವುದಿಲ್ಲ. ಮುಂದಿನ ವರ್ಷ ಆ ಗಿಡದ ಎಲೆ ಹಳದಿಗೆ ತಿರುಗಿ ಬಾಡಿದಾಗ ಮಾತ್ರ ‘ಬೋರರ್ ಬಿತ್ತು’ ಎಂದು ಎಲ್ಲರೂ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ಒಂದು ಕಾಡಿನ ಚಿಟ್ಟೆ, ಇನ್ನೊಂದು ಗಿಡದ ಕಾಂಡವನ್ನು ಕೊರೆಯುವ ದುಂಬಿ. ಮೊದಲನೆಯದನ್ನು ಹೊಗಳುತ್ತೇವೆ, ಎರಡನೆಯದನ್ನು ಶಪಿಸುತ್ತೇವೆ. ಆದರೆ ಹೊಗಳಿಕೆಯಿಂದ ಚಿಟ್ಟೆ ಉಳಿದಿಲ್ಲ, ಶಾಪದಿಂದ ದುಂಬಿ ಸತ್ತಿಲ್ಲ. ಎರಡರ ಬದುಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೆಳೆಗಾರನಿಗೆ ಉಪಯೋಗವಾಗುವ ಒಂದು ಪಾಠ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಪಾಠವನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಿಟ್ಟೆಯ ಬದುಕು

ಮೇಲೆ ಹೇಳಿದ ಚಿಟ್ಟೆಗೆ ಇಂಗ್ಲಿಷಿನಲ್ಲಿ ‘ಸದರ್ನ್ ಬರ್ಡ್‌ವಿಂಗ್’ ಎಂದು ಹೆಸರು. ಹಕ್ಕಿಯಂತಹ ರೆಕ್ಕೆಯುಳ್ಳ ದಕ್ಷಿಣದ ಚಿಟ್ಟೆ ಎಂದು ಅರ್ಥ. ವಿಜ್ಞಾನಿಗಳು ಇದನ್ನು ಟ್ರಾಯ್ಡಿಸ್ ಮೈನಾಸ್ ಎನ್ನುತ್ತಾರೆ. ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ 14ರಿಂದ 19 ಸೆಂಟಿಮೀಟರ್ ಅಗಲವಿರುತ್ತದೆ. 1932ರಲ್ಲಿ ಅಳತೆ ಮಾಡಿದ 190 ಮಿಲಿಮೀಟರಿನ ಒಂದು ಚಿಟ್ಟೆಯಿಂದಾಗಿ ಇಡೀ ದೇಶದಲ್ಲೇ ಇದು ಅತಿ ದೊಡ್ಡದು ಎಂಬ ಹೆಸರು ಬಹುಕಾಲ ಇದಕ್ಕಿತ್ತು. 2020ರಲ್ಲಿ ಉತ್ತರಾಖಂಡದಲ್ಲಿ ಇದರದೇ ಬಳಗದ ಇನ್ನೊಂದು ಚಿಟ್ಟೆ 194 ಮಿಲಿಮೀಟರ್ ಅಳತೆಗೆ ಸಿಕ್ಕಿ ಆ ಪಟ್ಟವನ್ನು ತೆಗೆದುಕೊಂಡಿತು. ನಮ್ಮ ದಕ್ಷಿಣ ಭಾರತವನ್ನು ಬಿಟ್ಟು ಸದರ್ನ್ ಬರ್ಡ್‌ವಿಂಗ್ ಬೇರೆಲ್ಲೂ ಇಲ್ಲ. ಪಶ್ಚಿಮ ಘಟ್ಟವೇ ಇದರ ಮುಖ್ಯ ನೆಲೆ. ನಮ್ಮ ಸರ್ಕಾರ ಇದನ್ನು ರಾಜ್ಯದ ಚಿಟ್ಟೆ ಎಂದು ಆರಿಸಿದೆ.

ಚಿಟ್ಟೆ ಹೂವಿನ ಜೇನು ಕುಡಿದು ಬದುಕುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಮರಿ, ಅಂದರೆ ಕಂಬಳಿಹುಳುವಿನ ಹಂತ, ಏನು ತಿನ್ನುತ್ತದೆ ಎಂಬುದನ್ನು ಮಾತ್ರ ನಾವು ಕೇಳುವುದಿಲ್ಲ. ಈ ಚಿಟ್ಟೆಯ ಹುಳು ಎಲ್ಲ ಗಿಡವನ್ನೂ ತಿನ್ನುವುದಿಲ್ಲ. ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಕೆಲವೇ ಕಾಡುಗಿಡಗಳ ಎಲೆ ಮಾತ್ರ ಅದಕ್ಕೆ ಆಹಾರ. ಹೆಣ್ಣು ಚಿಟ್ಟೆ ಬಳ್ಳಿಯನ್ನು ಹುಡುಕಿ, ಎಲೆಗೆ ಒಂದೊಂದರಂತೆ ಮೊಟ್ಟೆ ಇಡುತ್ತದೆ. ಬಳ್ಳಿ ಸಿಗದಿದ್ದರೆ ತೋಟದ ತುಂಬ ಹೂವಿದ್ದರೂ ಅದರ ಸಂತಾನ ಬೆಳೆಯುವಂತಿಲ್ಲ.

ಈಶ್ವರಿ ಬಳ್ಳಿಯಲ್ಲಿ ವಿಷದ ಅಂಶವಿದೆ. ಹುಳು ಆ ವಿಷವನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಬಾಯಿಗೆ ಹಾಕಿ ನೋಡಿದ ಹಕ್ಕಿ ಮತ್ತೆ ಇದರ ತಂಟೆಗೆ ಬರುವುದಿಲ್ಲ. ದೊಡ್ಡದಾದ ಮೇಲೆ ಚಿಟ್ಟೆ ಅವಸರವಿಲ್ಲದೆ ತೇಲುವುದಕ್ಕೆ ಈ ಧೈರ್ಯವೇ ಕಾರಣ. ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಾವಿನ ಕಡಿತಕ್ಕೂ ಹೊಟ್ಟೆನೋವಿಗೂ ಈ ಬಳ್ಳಿಯ ಬೇರನ್ನು ಅರೆದು ಕುಡಿಸುವ ರೂಢಿ ಹಳ್ಳಿಗಳಲ್ಲಿದೆ. ಈ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ ಎಂಬುದು ಈಗ ಖಚಿತವಾಗಿದೆ. ಬಳ್ಳಿ ಬೇಲಿಯ ಮೇಲೆ ಚಿಟ್ಟೆಗಿರಲಿ, ಮನುಷ್ಯರ ಹೊಟ್ಟೆಗೆ ಬೇಡ. ಹಾವು ಕಡಿದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಿ.

ಕೊರಕದ ಬದುಕು

ಇನ್ನು ದುಂಬಿಯ ಕಡೆಗೆ ಬರೋಣ. ಕಾಫಿಯ ಬಿಳಿ ಕಾಂಡಕೊರಕದ ಶಾಸ್ತ್ರೀಯ ಹೆಸರು ಝೈಲೊಟ್ರೆಕಸ್ ಕ್ವಾಡ್ರಿಪೆಸ್. ಅರೇಬಿಕಾ ಕಾಫಿಗೆ ಇದಕ್ಕಿಂತ ದೊಡ್ಡ ಶತ್ರು ನಮ್ಮ ದೇಶದಲ್ಲಿಲ್ಲ ಎಂದರೆ ತಪ್ಪಾಗದು. ರೊಬಸ್ಟಾ ಗಿಡಕ್ಕೆ ಇದರ ಕಾಟ ಅಷ್ಟಾಗಿ ಇಲ್ಲ.

ದುಂಬಿ ವರ್ಷಕ್ಕೆ ಎರಡು ಸಲ ಹೊರಬಂದು ಹಾರಾಡುತ್ತದೆ. ಮುಂಗಾರಿಗೆ ಮುಂಚೆ ಏಪ್ರಿಲ್–ಮೇ ತಿಂಗಳಲ್ಲಿ ಒಂದು ಸಲ, ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಸಲ. ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ ಭರಣಿ, ಕೃತ್ತಿಕೆಯ ದಿನಗಳು ಮೊದಲನೆಯದು. ಚಿತ್ತೆ, ಸ್ವಾತಿ, ವಿಶಾಖೆಯಿಂದ ಮುಂದಕ್ಕೆ ಎರಡನೆಯದು. ಈ ಎರಡನೆಯ ಹಾರಾಟವೇ ಹೆಚ್ಚು ಅಪಾಯಕಾರಿ. ಈ ಕಾಲದಲ್ಲಿ ಬಿಸಿಲು ಚೆನ್ನಾಗಿ ಬಿದ್ದಷ್ಟೂ ದುಂಬಿಗೆ ಚುರುಕು ಹೆಚ್ಚು. ಮೋಡ ಕವಿದ, ತಣ್ಣಗಿನ ದಿನಗಳಲ್ಲಿ ಅದು ಮಂಕಾಗಿರುತ್ತದೆ.

ಹೆಣ್ಣು ದುಂಬಿ ಮುಖ್ಯ ಕಾಂಡದ ಮತ್ತು ದಪ್ಪ ರೆಕ್ಕೆಗಳ ಮೇಲಿನ ತೊಗಟೆಯ ಬಿರುಕಿನಲ್ಲಿ, ಎದ್ದ ಹಕ್ಕಳೆಯ ಕೆಳಗೆ ಮೊಟ್ಟೆ ಇಡುತ್ತದೆ. ಒಂದು ದುಂಬಿ 50ರಿಂದ 100 ಮೊಟ್ಟೆ ಇಡಬಲ್ಲದು. ಸುಮಾರು 10 ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಎರಡು ತಿಂಗಳು ತೊಗಟೆಯ ಕೆಳಗೇ ತಿನ್ನುತ್ತದೆ. ಆಗ ಕಾಂಡದ ಮೇಲೆ ಉಬ್ಬಿದ ಗೆರೆಗಳು ಕಾಣುತ್ತವೆ. ಅನಂತರ ಗಟ್ಟಿ ಮರದೊಳಕ್ಕೆ ನುಗ್ಗಿ, ಅಡ್ಡಾದಿಡ್ಡಿಯಾಗಿ ಸುರಂಗ ಕೊರೆಯುತ್ತದೆ. ಕೊರೆದ ಪುಡಿಯನ್ನು ಹಿಂದಕ್ಕೆ ಬಿಗಿಯಾಗಿ ತುಂಬುತ್ತಾ ಮುಂದೆ ಸಾಗುತ್ತದೆ. ಹೀಗೆ ಮರಿಯ ಹಂತದಲ್ಲೇ 9–10 ತಿಂಗಳು ಕಳೆಯುತ್ತದೆ. ಗಿಡದೊಳಗೇ ಕೋಶವಾಗಿ, ದುಂಬಿಯಾಗಿ, ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಎಳೆಯ ಗಿಡವಾದರೆ ಒಂದೇ ವರ್ಷದಲ್ಲಿ ಸಾಯುತ್ತದೆ. ವಯಸ್ಸಾದ ಗಿಡ ಕೆಲವು ವರ್ಷ ತಡೆದುಕೊಂಡರೂ ಫಸಲು ಇಳಿಯುತ್ತಾ ಹೋಗುತ್ತದೆ, ಬೀಜ ಜೊಳ್ಳಾಗುತ್ತದೆ.

ಹೋಲಿಸಿದರೆ ಕಾಣುವುದೇನು?

ಎರಡೂ ಕೀಟಗಳೇ. ಎರಡಕ್ಕೂ ಮೊಟ್ಟೆ, ಮರಿ, ಕೋಶ, ಪ್ರೌಢ ಎಂಬ ನಾಲ್ಕು ಹಂತಗಳಿವೆ. ಎರಡೂ ಗಿಡವನ್ನು ತಿಂದೇ ಬೆಳೆಯುತ್ತವೆ. ಎರಡೂ ತಮ್ಮ ಗಿಡದ ವಿಷಯದಲ್ಲಿ ಮಡಿವಂತಿಕೆಯುಳ್ಳವು: ಒಂದಕ್ಕೆ ಈಶ್ವರಿ ಬಳ್ಳಿ, ಇನ್ನೊಂದಕ್ಕೆ ಮುಖ್ಯವಾಗಿ ಅರೇಬಿಕಾ.

ವ್ಯತ್ಯಾಸ ಇರುವುದು ಎರಡು ಕಡೆ. ಮೊದಲನೆಯದು, ಮರಿ ಬದುಕುವ ಜಾಗ. ಚಿಟ್ಟೆಯ ಮರಿ ಎಲೆಯ ಮೇಲೆ ಬಯಲಿನಲ್ಲಿರುತ್ತದೆ. ಬಳ್ಳಿಯ ಎಲೆಗಳನ್ನು ತಿಂದರೂ ಬುಡ ಉಳಿದಿದ್ದರೆ ಬಳ್ಳಿ ಮತ್ತೆ ಚಿಗುರುತ್ತದೆ. ಕೊರಕದ ಮರಿ ಕಾಂಡದ ಗರ್ಭದಲ್ಲಿರುತ್ತದೆ. ಗಿಡಕ್ಕೆ ನೀರು ಏರುವ ದಾರಿಯನ್ನೇ ಅದು ಕಡಿಯುತ್ತದೆ. ಎರಡನೆಯದು, ಬೆಳಕಿನ ಮಾತು. ಚಿಟ್ಟೆಗೆ ಮರಗಳ ಸಾಲು, ಬಳ್ಳಿ, ಪೊದೆ, ತಂಪು ಎಲ್ಲವೂ ಬೇಕು. ಕೊರಕಕ್ಕೆ ಬೇಕಾದದ್ದು ಬಿಸಿಲು ಬಿದ್ದು ಬೆಚ್ಚಗಾದ ಕಾಂಡ.

ಈ ಎರಡು ವ್ಯತ್ಯಾಸಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ, ತೋಟದಲ್ಲಿ ನಾವು ಮಾಡುವ ಎರಡು ದೊಡ್ಡ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಒಂದು, ನೆರಳನ್ನು ಅಳತೆಮೀರಿ ತೆಗೆಯುವುದು. ಇನ್ನೊಂದು, ಕಣ್ಣುಮುಚ್ಚಿ ಔಷಧ ಹೊಡೆಯುವುದು.

ನೆರಳಿನ ಲೆಕ್ಕ

ನೆರಳಿಗೂ ಕೊರಕಕ್ಕೂ ಇರುವ ನಂಟು ಇಂದು ನಿನ್ನೆ ತಿಳಿದದ್ದಲ್ಲ. 1860ರ ದಶಕದಲ್ಲಿ ಕೊಡಗು ಮತ್ತು ಮೈಸೂರು ಸೀಮೆಯ ತೋಟಗಳಲ್ಲಿ ಕೊರಕದ ಹಾವಳಿ ಮಿತಿಮೀರಿತು. ಕಾಡನ್ನು ಪೂರ್ತಿ ಕಡಿದು, ಬಟ್ಟಬಯಲಿನಲ್ಲಿ ಕಾಫಿ ನೆಟ್ಟ ಯೂರೋಪಿಯನ್ ತೋಟಗಾರರು ಬಹಳ ಪೆಟ್ಟು ತಿಂದರು. ಆಗ ಮದರಾಸು ಸರ್ಕಾರದ ಪರವಾಗಿ ಜಾರ್ಜ್ ಬೈಡಿ ಎಂಬ ವೈದ್ಯಾಧಿಕಾರಿ ತೋಟಗಳನ್ನು ಸುತ್ತಿ, 1869ರಲ್ಲಿ ಒಂದು ವರದಿಯನ್ನು ಹೊರತಂದರು. ನೆರಳಿನ ಅಗತ್ಯವನ್ನು ಆಗಲೇ ಒತ್ತಿ ಹೇಳಲಾಗಿತ್ತು. ಚಿಕ್ಕಮಗಳೂರು ಸೀಮೆಯಲ್ಲಿ ಅಂದು ಬೆಳೆಯುತ್ತಿದ್ದ ‘ಚಿಕ್’ ಎಂಬ ಹಳೆಯ ತಳಿ ಈ ಹಾವಳಿಗೆ ಸಿಕ್ಕಿ ಹಿಂದೆ ಬಿತ್ತು. ನೆರಳಿನಡಿ ಕಾಫಿ ಬೆಳೆಯುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ್ದು ಇಂತಹ ಪೆಟ್ಟುಗಳನ್ನು ತಿಂದ ಮೇಲೆ. ಅಂದರೆ ನಮ್ಮ ಹಿರಿಯರು ನೆರಳು ಮರ ಬಿಟ್ಟದ್ದು ಚಂದಕ್ಕಲ್ಲ, ಸೋಮಾರಿತನಕ್ಕೂ ಅಲ್ಲ. ಅದೊಂದು ಅನುಭವದ ಬೆಲೆ.

ಆ ಪಾಠವನ್ನು ನಾವು ಈಗ ಮರೆಯುತ್ತಿದ್ದೇವೆ ಎಂದು ನನಗೆ ಅನಿಸುತ್ತದೆ. ಮರದ ಬೆಲೆ ಏರಿದಾಗ ಬೀಟೆ, ಮತ್ತಿ, ನಂದಿ, ಹಲಸು ಒಂದೊಂದಾಗಿ ಹೋಗುತ್ತವೆ. ಆ ಜಾಗದಲ್ಲಿ ಸಿಲ್ವರ್ ಓಕ್ ಬರುತ್ತದೆ. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಾಟವೂ ಸುಲಭ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಸಿಲ್ವರ್ ಓಕ್ ಇರಲಿ. ಆದರೆ ಬರೀ ಸಿಲ್ವರ್ ಓಕ್ ಇರುವ ತೋಟದಲ್ಲಿ ಅತ್ತಿ, ಬಸರಿ, ನೇರಳೆಗಳ ಹರಡಿದ ತಂಪು ಇರುವುದಿಲ್ಲ. ನಡು ಹಗಲಿನ ಬಿಸಿಲು ನೇರವಾಗಿ ಕಾಫಿಯ ಕಾಂಡಕ್ಕೆ ಬೀಳುತ್ತದೆ. ಕೊರಕಕ್ಕೆ ಬೇಕಾದದ್ದೂ ಅದೇ. ಚಿಟ್ಟೆಗೆ ಬೇಡವಾದದ್ದೂ ಅದೇ.

ಇದರ ಪರಿಣಾಮ ನಮ್ಮ ಕಣ್ಣ ಮುಂದೆಯೇ ಇದೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊರಕದ ಕಾಟ ತಾಳಲಾರದೆ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ ಬೆಳೆಗಾರರು ಪ್ರತಿ ಊರಿನಲ್ಲೂ ಸಿಗುತ್ತಾರೆ. ನೀರಿನ ಸೌಕರ್ಯ ಇರುವವರಿಗೆ, ತಗ್ಗಿನ ಪ್ರದೇಶದವರಿಗೆ ಅದು ಸರಿಹೋಗಬಹುದು. ಎತ್ತರದ ಜಾಗದಲ್ಲಿ, ಹೂಮಳೆಯನ್ನೇ ನಂಬಿದ ಸಣ್ಣ ಹಿಡುವಳಿದಾರನಿಗೆ ಅರೇಬಿಕಾ ಬಿಟ್ಟರೆ ಬೇರೆ ದಾರಿ ಕಡಿಮೆ. ಅವನ ಮಟ್ಟಿಗೆ ನೆರಳಿನ ಪ್ರಶ್ನೆ ಮನೆಯ ಒಲೆಯ ಪ್ರಶ್ನೆ.

ಹಾಗೆಂದು ನೆರಳು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ದಟ್ಟ ನೆರಳಿನಲ್ಲಿ ಮಳೆಗಾಲದ ಕೊಳೆರೋಗ ಹೆಚ್ಚುತ್ತದೆ, ಕಾಯಿಕೊರಕಕ್ಕೂ ಅನುಕೂಲವಾಗುತ್ತದೆ, ಹೂ ಕಟ್ಟುವುದು ಕಡಿಮೆಯಾಗುತ್ತದೆ. ನಾನು ಕೇಳುತ್ತಿರುವುದು ಹದವಾದ ನೆರಳನ್ನು. ಮೇಲಿನ ಅಂತಸ್ತಿನಲ್ಲಿ ಕಾಡುಮರಗಳು, ಕೆಳಗಿನ ಅಂತಸ್ತಿನಲ್ಲಿ ಹಾಲವಾಣ, ವರ್ಷಕ್ಕೊಮ್ಮೆ ಕ್ರಮವಾದ ಮರಗಸಿ, ಇದೇ ನಮ್ಮ ಹಳೆಯ ಪದ್ಧತಿ. ಮಧ್ಯಾಹ್ನದ ಬಿಸಿಲು ಹೆಚ್ಚು ಬೀಳುವ ದಕ್ಷಿಣ ಮತ್ತು ಪಶ್ಚಿಮದ ಇಳಿಜಾರುಗಳಲ್ಲಿ ನೆರಳು ಸ್ವಲ್ಪ ಹೆಚ್ಚಿರಬೇಕು. ದುಂಬಿ ಹಾರುವ ತಿಂಗಳುಗಳಲ್ಲಿ ಯಾವ ಜಾಗವನ್ನೂ ಬೋಳು ಮಾಡಬಾರದು.

ಔಷಧ ಯಾರಿಗೆ ತಗಲುತ್ತದೆ?

ಈಗ ಎರಡನೆಯ ತಪ್ಪಿನ ವಿಷಯ. ಗಿಡ ಬಾಡಿತೆಂದು ಗಾಬರಿಯಾಗಿ ಇಡೀ ತೋಟದ ಎಲೆಗೆ ಕೀಟನಾಶಕ ಸಿಂಪಡಿಸುವವರಿದ್ದಾರೆ. ಸ್ವಲ್ಪ ಯೋಚಿಸಿ ನೋಡಿ. ಗಿಡ ಬಾಡುವ ಹೊತ್ತಿಗೆ ಕೊರಕದ ಮರಿ ಎಲ್ಲಿರುತ್ತದೆ? ಗಟ್ಟಿ ಮರದೊಳಗೆ, ಪುಡಿಯಿಂದ ಬಿಗಿಯಾಗಿ ಮುಚ್ಚಿದ ಸುರಂಗದಲ್ಲಿ. ಎಲೆಯ ಮೇಲೆ ಬಿದ್ದ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಅದು ಮುಟ್ಟುವುದು ಬಯಲಿನಲ್ಲಿರುವವರಿಗೆ. ಚಿಟ್ಟೆಯ ಹುಳು, ಜೇನುನೊಣ, ಜೇಡ, ಕೊರಕದ ಮರಿಯನ್ನೇ ತಿಂದು ಬದುಕುವ ಸಣ್ಣ ಕಣಜ, ಇವೆಲ್ಲ ಸಾಯುತ್ತವೆ. ಕಳ್ಳ ಅಟ್ಟದ ಮೇಲೆ ಅಡಗಿರುವಾಗ ಅಂಗಳದಲ್ಲಿ ಕುಳಿತ ನೆರೆಯವರಿಗೆ ಹೊಡೆದಂತಾಯಿತು. ಹಣವೂ ಹೋಯಿತು, ಕಳ್ಳನೂ ಉಳಿದ.

ಹಿಂದೆ ಕಾಂಡಕ್ಕೆ ಲಿಂಡೇನ್ ಬಳಿಯುವುದು ರೂಢಿಯಾಗಿತ್ತು. ಮಣ್ಣಿನಲ್ಲೂ ಜೀವಿಗಳ ಮೈಯಲ್ಲೂ ಬಹುಕಾಲ ಉಳಿಯುವ ಆ ವಿಷದ ಬಳಕೆಯನ್ನು 2013ರಿಂದ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಡಬ್ಬಿ ಉಗ್ರಾಣದ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ಬಳಸಲೂ ಬೇಡಿ, ಹಳ್ಳಕ್ಕೆ ಸುರಿಯಲೂ ಬೇಡಿ. ಹತ್ತಿರದ ಕೃಷಿ ಅಧಿಕಾರಿಗಳಿಗೆ ತಿಳಿಸಿ. ಕಾಂಡಕ್ಕೆ ಮಾತ್ರ ತಗಲುವಂತೆ, ಹಾರಾಟದ ಸಮಯ ನೋಡಿ ಔಷಧ ಬಳಸುವ ಅಗತ್ಯ ಕೆಲವು ತೋಟಗಳಿಗೆ ಬರಬಹುದು. ಆದರೆ ಈಗ ಯಾವುದಕ್ಕೆ ಅನುಮತಿ ಇದೆ, ಎಷ್ಟು ಪ್ರಮಾಣ ಎಂಬುದನ್ನು ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳಿಂದ ತಿಳಿದೇ ಬಳಸಬೇಕು. ಅಂಗಡಿಯವರ ಮಾತು ಸಾಲದು.

ಕಳೆನಾಶಕದ ವಿಷಯವೂ ಹೀಗೆಯೇ. ಬೇಲಿಸಾಲಿಗೆ ಕಳೆನಾಶಕ ಹೊಡೆದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಈಶ್ವರಿ ಬಳ್ಳಿಯೂ ಅದರೊಂದಿಗೆ ಒಣಗುತ್ತದೆ. ಚಿಟ್ಟೆಯನ್ನು ಯಾರೂ ಕೊಲ್ಲಲಿಲ್ಲ, ಆದರೂ ಅದು ಮತ್ತೆ ಬರುವುದಿಲ್ಲ.

ಕೆಲವು ಆಕ್ಷೇಪಣೆಗಳು

ಈ ಮಾತನ್ನು ಹೇಳಿದಾಗ ಬೆಳೆಗಾರರು ಸಾಮಾನ್ಯವಾಗಿ ಮೂರು ಆಕ್ಷೇಪಣೆ ಎತ್ತುತ್ತಾರೆ. ಅವುಗಳಿಗೆ ಉತ್ತರ ಹೇಳುವುದು ನನ್ನ ಕರ್ತವ್ಯ.

‘ಚಿಟ್ಟೆಯಿಂದ ನನಗೆ ಒಂದು ಪೈಸೆ ಲಾಭವಿದೆಯೇ?’ ನೇರವಾದ ಲಾಭ ಇಲ್ಲವೆಂದೇ ಹೇಳಬೇಕು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಅದಕ್ಕೆ ನೆರವಾಗುವುದು ಜೇನುನೊಣವೇ ಹೊರತು ಈ ಚಿಟ್ಟೆಯಲ್ಲ. ಚಿಟ್ಟೆ ಕೊರಕವನ್ನು ಹಿಡಿಯುವುದೂ ಇಲ್ಲ. ಚಿಟ್ಟೆ ಹಾರಿದ ತೋಟದಲ್ಲಿ ಕೊರಕವೇ ಇಲ್ಲವೆಂದು ನಂಬಿ ಸುಮ್ಮನೆ ಕೂರುವುದೂ ತಪ್ಪು. ಆದರೆ ಅದರಿಂದ ನಷ್ಟ ಎಷ್ಟು? ಬೇಲಿಯ ಮೇಲೆ ನಾಲ್ಕು ಬಳ್ಳಿಯಷ್ಟು ಜಾಗ. ಆ ಚಿಟ್ಟೆ ಬಾಳುವ ತೋಟದಲ್ಲಿ ಮರವಿದೆ, ತಂಪಿದೆ, ವಿಷ ಕಡಿಮೆ ಇದೆ ಎಂದರ್ಥ. ಇವು ಮೂರೂ ನಿಮ್ಮ ಅರೇಬಿಕಾಕ್ಕೂ ಬೇಕಾದವೇ. ಲೆಕ್ಕವನ್ನು ಹೀಗೆ ಹಾಕಬೇಕು.

‘ಚಿಟ್ಟೆ ಕಾಯುವುದು ಅರಣ್ಯ ಇಲಾಖೆಯ ಕೆಲಸ.’ ಕಾಡು ಅವರದು ಎಂಬುದು ಸರಿ. ಆದರೆ ಚಿಟ್ಟೆಗೆ ಸರ್ವೆ ಕಲ್ಲು ತಿಳಿಯದು. ಮಲೆನಾಡಿನಲ್ಲಿ ಒಂದು ಕಾಡಿಗೂ ಇನ್ನೊಂದು ಕಾಡಿಗೂ ನಡುವೆ ಹಬ್ಬಿರುವುದು ನಮ್ಮ ತೋಟಗಳೇ. ನಾವು ಬೋಳು ಮಾಡಿದರೆ ಎರಡು ಕಾಡಿನ ನಡುವಿನ ದಾರಿಯನ್ನೇ ಕಡಿದಂತೆ.

‘ಕೈಕೆಲಸಕ್ಕೆ ಆಳು ಎಲ್ಲಿದ್ದಾರೆ?’ ಇದು ಮೂರರಲ್ಲಿ ನಿಜವಾದ ಕಷ್ಟ. ಕೂಲಿಯೂ ಏರಿದೆ, ಆಳೂ ಸಿಗುವುದಿಲ್ಲ. ಇದಕ್ಕೆ ನನ್ನ ಬಳಿ ಸುಲಭವಾದ ಉತ್ತರವಿಲ್ಲ. ಒಂದೇ ಮಾತು ಹೇಳಬಲ್ಲೆ: ಇಡೀ ತೋಟದ ಕೆಲಸವನ್ನು ಒಮ್ಮೆಗೇ ಹಚ್ಚಿಕೊಳ್ಳಬೇಡಿ. ಬಿಸಿಲು ಹೆಚ್ಚು ಬೀಳುವ ಪಟ್ಟಿ, ಕಳೆದ ವರ್ಷ ಗಿಡ ಸತ್ತ ಜಾಗ, ಈ ಎರಡನ್ನು ಮೊದಲು ಮಾಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಮುಯ್ಯಾಳಿನ ಲೆಕ್ಕದಲ್ಲಿ ಒಟ್ಟಿಗೆ ಮಾಡಿದರೆ ಇನ್ನೂ ಒಳ್ಳೆಯದು. ನಿಮ್ಮ ತೋಟ ಶುದ್ಧವಾಗಿದ್ದು, ಪಕ್ಕದ ತೋಟದಲ್ಲಿ ಕೊರಕ ಹಿಡಿದ ಗಿಡ ಹಾಗೆಯೇ ನಿಂತಿದ್ದರೆ ದುಂಬಿಗೆ ಬೇಲಿ ದಾಟುವುದು ಕಷ್ಟವಲ್ಲ.

ಮಾಡಬೇಕಾದ ಕೆಲಸಗಳು

ಹಾಗಾದರೆ ಏನು ಮಾಡಬೇಕು? ಬಾಳೆಹೊನ್ನೂರಿನ ಬಳಿಯಿರುವ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಬಹುಕಾಲದಿಂದ ಹೇಳುತ್ತಾ ಬಂದಿರುವ ಕ್ರಮಗಳೇ ಮುಖ್ಯವಾದವು. ಅವುಗಳನ್ನು ಇಲ್ಲಿ ಸಂಕ್ಷೇಪವಾಗಿ ನೆನಪಿಸುತ್ತೇನೆ.

1. ದುಂಬಿ ಹಾರುವುದಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಗಿಡ ಗಿಡವನ್ನೂ ನೋಡಿಕೊಂಡು ಬನ್ನಿ. ಕಾಂಡದ ಮೇಲೆ ಉಬ್ಬು ಗೆರೆ, ಹಳದಿ ಎಲೆ, ಬಾಡಿದ ತುದಿ ಕಂಡ ಗಿಡವನ್ನು ಗುರುತು ಮಾಡಿ.

2. ಕೊರಕ ಹಿಡಿದ ಗಿಡವನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ. ಸೌದೆಯಾಗುತ್ತದೆಂದು ಕೊಟ್ಟಿಗೆಯ ಹಿಂದೆ ಪೇರಿಸಿಡಬೇಡಿ. ಕಿತ್ತ ಕಾಂಡದಿಂದಲೂ ದುಂಬಿ ಹೊರಬಂದು ತೋಟಕ್ಕೆ ಮರಳುತ್ತದೆ. ಬಹಳ ಮಂದಿ ಎಡವುವುದು ಇಲ್ಲಿಯೇ.

3. ಹಾರಾಟ ಆರಂಭವಾಗುವ ಮೊದಲು ಮುಖ್ಯ ಕಾಂಡ ಮತ್ತು ದಪ್ಪ ರೆಕ್ಕೆಗಳ ಮೇಲಿನ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಅಥವಾ ನಾರಿನ ಕೈಗವಸಿನಿಂದ ಉಜ್ಜಿ ತೆಗೆಯಿರಿ. ಮೊಟ್ಟೆ ಇಡಲು ಬಿರುಕು ಇರುವುದಿಲ್ಲ. ಕತ್ತಿಯಿಂದ ಕೆರೆಯಬೇಡಿ. ಒಳಗಿನ ಹಸಿ ತೊಗಟೆಗೆ ಗಾಯವಾಗಬಾರದು.

4. ಉಜ್ಜಿದ ಕಾಂಡಕ್ಕೆ ಶೇಕಡಾ 10ರ ಸುಣ್ಣದ ದ್ರಾವಣವನ್ನು ಬಳಿಯಬಹುದು. 200 ಲೀಟರ್ ನೀರಿಗೆ 20 ಕಿಲೋ ಸಂಸ್ಕರಿಸಿದ ಸುಣ್ಣ ಬೇಕಾಗುತ್ತದೆ. ಹಾರಾಟದ ಆರಂಭಕ್ಕೆ ಸರಿಯಾಗಿ ಈ ಕೆಲಸ ಮುಗಿದಿರಬೇಕು.

5. ಗಂಡು ದುಂಬಿಯ ವಾಸನೆಯಿಂದ ಹೆಣ್ಣನ್ನು ಸೆಳೆಯುವ ಮೋಹಕ ಬಲೆಗಳೂ ಇವೆ. ತೋಟದಲ್ಲಿ ದುಂಬಿಯ ಹಾರಾಟ ಶುರುವಾಯಿತೇ ಎಂದು ತಿಳಿಯಲು ಇವು ಸಹಾಯಕ. ಬಲೆಯೊಂದನ್ನೇ ನಂಬಿ ಉಳಿದ ಕೆಲಸ ಬಿಡಬಾರದು.

6. ಕಡಿದ ಅಥವಾ ಬಿದ್ದ ಪ್ರತಿ ನೆರಳು ಮರಕ್ಕೆ ಬದಲಾಗಿ ಅತ್ತಿ, ಬಸರಿ, ನೇರಳೆ, ಹಲಸು ಇಂತಹ ಒಂದು ನಾಡ ಸಸಿಯನ್ನು ಅದೇ ಮಳೆಗಾಲದಲ್ಲಿ ನೆಡಿ.

7. ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ದರೆ ಕಳೆ ತೆಗೆಯುವವರಿಗೆ ತೋರಿಸಿ, ಬಿಡಲು ಹೇಳಿ. ಕುರಿಮರಿ, ಕರು ಬಾಯಿ ಹಾಕದ ಜಾಗದಲ್ಲಿದ್ದರೆ ಒಳ್ಳೆಯದು. ಇದರ ಮೇಲೆ ಬರಿಯ ರಾಜ್ಯದ ಚಿಟ್ಟೆಯಲ್ಲ, ಕೆಂಪು ಒಡಲಿನ ಇನ್ನೆರಡು ಚಿಟ್ಟೆಗಳೂ ಬೆಳೆಯುತ್ತವೆ.

ಕಾಫಿ ಇಲ್ಲದವರಿಗೂ ಒಂದು ಮಾತು

ಬಯಲುಸೀಮೆಯ ಓದುಗರು ‘ಇದು ಕಾಫಿಯವರ ಮಾತು, ನಮಗೇಕೆ’ ಎಂದು ಪುಟ ಮಗುಚಬಾರದು. ‘ಚಿಟ್ಟೆ ಒಳ್ಳೆಯದು, ದುಂಬಿ ಕೆಟ್ಟದ್ದು’ ಎಂದು ಎಲ್ಲ ಕಡೆಯೂ ಹೇಳಲಾಗದು. ನಿಮ್ಮ ನಿಂಬೆ ಸಸಿಮಡಿಯ ಎಲೆಗಳನ್ನು ಬೋಳು ಮಾಡುವುದು ಅಂದವಾದ ನಿಂಬೆ ಚಿಟ್ಟೆಯ ಮರಿ. ಅದೇ ದಾಳಿಂಬೆ, ದ್ರಾಕ್ಷಿಯ ಹಿಟ್ಟು ತಿಗಣೆಯನ್ನು ತಿಂದು ಹಾಕುವುದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿ. 1898ರಲ್ಲಿ ಆಸ್ಟ್ರೇಲಿಯದಿಂದ ನಮ್ಮ ದೇಶಕ್ಕೆ ತಂದದ್ದು ಅದು. ತೆಂಗಿನ ಸುಳಿ ಕೊರೆಯುವ ರೈನಾಸರಸ್ ದುಂಬಿಯ ಮರಿ ಮರದಲ್ಲಿ ಬೆಳೆಯುವುದಿಲ್ಲ. ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ ಬೆಳೆಯುತ್ತದೆ. ಅಲ್ಲಿಗೆ ಕೈ ಹಾಕದೆ ಮರದ ಮೇಲೆ ಮಾತ್ರ ಔಷಧ ಸುರಿದರೆ ಫಲವೇನು?

ಆದ್ದರಿಂದ ಯಾವುದೇ ಕೀಟ ಕಂಡಾಗ ಮೊದಲು ಮೂರು ಪ್ರಶ್ನೆ ಕೇಳಿ. ಇದರ ಮರಿ ಎಲ್ಲಿ ಬೆಳೆಯುತ್ತದೆ? ಏನು ತಿನ್ನುತ್ತದೆ? ಯಾವ ತಿಂಗಳಲ್ಲಿ ಬಯಲಿಗೆ ಬರುತ್ತದೆ? ಉತ್ತರ ಗೊತ್ತಾದ ಮೇಲೆ ಔಷಧದ ಡಬ್ಬಿ ತೆರೆಯಬೇಕೋ ಬೇಡವೋ ಎಂಬುದು ತಾನಾಗಿ ತಿಳಿಯುತ್ತದೆ.

ಕೊನೆಯದಾಗಿ

ಮರ ಕಡಿಯುವವರನ್ನೆಲ್ಲ ದೂರುವುದು ನನ್ನ ಉದ್ದೇಶವಲ್ಲ. ಮಗಳ ಮದುವೆ, ಬ್ಯಾಂಕಿನ ಸಾಲ, ಆಸ್ಪತ್ರೆಯ ಖರ್ಚು ಬಂದಾಗ ತೋಟದ ಮರವೇ ರೈತನ ಕೈಗೆ ಸಿಗುವ ಹಣ ಎಂಬುದನ್ನು ನಾನು ಬಲ್ಲೆ. ಹಾಗೆ ಕಡಿಯಬೇಕಾಗಿ ಬಂದಾಗ ಒಂದು ಕ್ಷಣ ನಿಂತು, ಆ ಮರದ ನೆರಳಿನಲ್ಲಿ ಎಷ್ಟು ಅರೇಬಿಕಾ ಗಿಡಗಳಿವೆ ಎಂದು ಎಣಿಸಿ. ಮರದ ಬೆಲೆ ಒಂದು ಸಲ ಬರುತ್ತದೆ. ಆ ಗಿಡಗಳ ಫಸಲು ಪ್ರತಿ ವರ್ಷ ಬರಬೇಕಾದದ್ದು. ಇವೆರಡನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿದ ಮೇಲೆ ಕೊಡಲಿ ಎತ್ತಿ.

ಈ ವರ್ಷ ಸ್ವಾತಿ ಮಳೆಯ ಹೊತ್ತಿಗೆ ತೋಟಕ್ಕೆ ಹೋದಾಗ ತಲೆಯೆತ್ತಿ ಒಮ್ಮೆ, ತಲೆಬಾಗಿಸಿ ಒಮ್ಮೆ ನೋಡಿ. ಮೇಲೆ ಹಳದಿ ರೆಕ್ಕೆ ಕಾಣುತ್ತದೆಯೇ? ಕೆಳಗೆ ಕಾಫಿ ಕಾಂಡದ ಮೇಲೆ ಬಿಸಿಲು ಬಿದ್ದಿದೆಯೇ? ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿ ನಿಮ್ಮ ತೋಟದ ಮುಂದಿನ ಐದು ವರ್ಷದ ಸ್ಥಿತಿ ಬಹುಮಟ್ಟಿಗೆ ತಿಳಿದುಬಿಡುತ್ತದೆ.